ಯಾರೂ ಕಟ್ಟದ ಬದುಗಳು

ಉತ್ತರದ ಜೌಗುನಾಡುಗಳ ಮೇಲೆ ನೀರೂ ಹಾವಸೆಯೂ ಕೂಡಿ ಸಾವಿರಾರು ವರ್ಷಗಳಿಂದ ಬರೆಯುತ್ತ ಬಂದಿರುವ ಚಿತ್ತಾರದ ಕಥೆ

ಫಿನ್ಲೆಂಡ್ ದೇಶದ ಉತ್ತರ ಭಾಗಕ್ಕೆ ಲ್ಯಾಪ್‌ಲ್ಯಾಂಡ್ ಎಂದು ಹೆಸರು. ಬೇಸಗೆಯ ದಿನಗಳಲ್ಲಿ ಆ ಪ್ರಾಂತದ ಮೇಲೆ ವಿಮಾನದಲ್ಲಿ ಹಾರುವವರಿಗೆ ಕೆಳಗೆ ಒಂದು ವಿಚಿತ್ರ ದೃಶ್ಯ ಕಾಣಬರುತ್ತದೆ. ಪೈನ್ ಮರಗಳ ಕಾಡಿನ ನಡುವೆ ದೂರದವರೆಗೆ ಹರಡಿದ ಬಯಲು. ಆ ಬಯಲಿನ ತುಂಬ ಒಂದರ ಹಿಂದೆ ಒಂದರಂತೆ ಬಳುಕುತ್ತ ಸಾಗಿದ ಕಂದುಬಣ್ಣದ ಬದುಗಳು. ಬದು ಬದುಗಳ ನಡುವೆ ಕನ್ನಡಿಯ ಚೂರಿನಂತೆ ಥಳಥಳಿಸುವ ನೀರು. ನಾಟಿಗೆಂದು ನೀರು ಕಟ್ಟಿ ನಿಲ್ಲಿಸಿದ ಬತ್ತದ ಗದ್ದೆಗಳೇ ಇವು ಎಂದು ನಮ್ಮ ನಾಡಿನವರು ಯಾರಾದರೂ ಭ್ರಮಿಸಿದರೆ ಆಶ್ಚರ್ಯವೇನೂ ಇಲ್ಲ.

ಆದರೆ ಅಲ್ಲಿ ಬತ್ತವೂ ಇಲ್ಲ, ಬೇಸಾಯವೂ ಇಲ್ಲ. ಆ ಬದುಗಳನ್ನು ಕಟ್ಟಲು ಯಾವ ಮನುಷ್ಯನೂ ಗುದ್ದಲಿ ಹಿಡಿದವನಲ್ಲ. ಆದರೂ ಅವು ಅಡ್ಡಾದಿಡ್ಡಿಯಾಗಿ ಬಿದ್ದಿಲ್ಲ. ಅನುಭವಸ್ಥ ರೈತ ಇಳಿಜಾರಿಗೆ ಅಡ್ಡಲಾಗಿ ಬದು ಹಾಕುವಂತೆ, ನೆಲದ ಇಳುಕಲನ್ನು ಅಳೆದು ನೋಡಿಯೇ ಎಳೆದಂತೆ, ಪ್ರತಿಯೊಂದು ಗೆರೆಯೂ ನೀರು ಹರಿಯುವ ದಿಕ್ಕಿಗೆ ಅಡ್ಡವಾಗಿಯೇ ಇದೆ.

ಇದು ಫಿನ್ಲೆಂಡೊಂದರ ವೈಚಿತ್ರ್ಯವಲ್ಲ. ಸ್ವೀಡನ್ನಿನ ಉತ್ತರದಲ್ಲಿ, ಕೆನಡಾದ ಹಡ್ಸನ್ ಕೊಲ್ಲಿಯ ತಗ್ಗುನಾಡಿನಲ್ಲಿ, ರಷ್ಯದ ಪಶ್ಚಿಮ ಸೈಬೀರಿಯದಲ್ಲಿ ಇಂಥ ಚಿತ್ತಾರಗಳು ಬೇಕಾದಷ್ಟಿವೆ. ಸೈಬೀರಿಯದ ವಾಸ್ಯುಗಾನ್ ಎಂಬ ಒಂದೇ ಜೌಗುಪ್ರದೇಶದ ವಿಸ್ತೀರ್ಣ ಸುಮಾರು 53,000 ಚದರ ಕಿಲೋಮೀಟರು. ಕರ್ನಾಟಕ ರಾಜ್ಯದ ಕಾಲು ಭಾಗಕ್ಕಿಂತಲೂ ಅದು ದೊಡ್ಡದು! ಇಷ್ಟು ದೊಡ್ಡ ಹಾಳೆಯ ಮೇಲೆ ಈ ಗೆರೆಗಳನ್ನು ಎಳೆದವರು ಯಾರು?

ಕೊಳೆಯದ ನೆಲ

ಮೊದಲು ಆ ಹಾಳೆಯ ವಿಚಾರ. ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ ಉತ್ತರ ಭೂಭಾಗಗಳನ್ನು ಮುಚ್ಚಿದ್ದ ಹಿಮದ ಹೊದಿಕೆ ಕರಗಿ ಹಿಂದೆ ಸರಿಯಿತು. ಅದು ಬಿಟ್ಟುಹೋದ ನೆಲ ತಂಪು, ತೇವ, ಬಹುಮಟ್ಟಿಗೆ ಸಮತಟ್ಟು. ಬಿದ್ದ ಮಳೆ ಇಂಗಿ ಹೋಗಲು ದಾರಿಯಿಲ್ಲ, ಆವಿಯಾಗಿ ಹೋಗಲು ಬೇಕಾದಷ್ಟು ಬಿಸಿಲಿಲ್ಲ. ಇಂಥ ಕಡೆ ಬೆಳೆದ ಗಿಡಗಳು ಸತ್ತು ನೀರಿನಲ್ಲಿ ಮುಳುಗಿದಾಗ ಅವುಗಳಿಗೆ ಆಮ್ಲಜನಕ ಸಿಕ್ಕುವುದಿಲ್ಲ. ಆಮ್ಲಜನಕವಿಲ್ಲದ ಮೇಲೆ ಕೊಳೆಯಿಸುವ ಸೂಕ್ಷ್ಮಜೀವಿಗಳ ಕೆಲಸವೂ ಸಾಗದು. ಹೀಗೆ ಅರೆಕೊಳೆತ ಸಸ್ಯರಾಶಿ ವರ್ಷ ವರ್ಷವೂ ಒಂದರ ಮೇಲೊಂದು ಪದರವಾಗಿ ಕೂಡಿಬರುತ್ತದೆ. ಇದಕ್ಕೆ ಪೀಟ್ ಎಂದು ಹೆಸರು. ಇಂದು ನಗರದ ಮನೆಗಳಲ್ಲಿ ತಾರಸಿಯ ಹೂಕುಂಡಗಳಿಗೆ ಹಾಕುವ ತೆಂಗಿನ ನಾರಿನ ಪುಡಿಗೆ 'ಕೋಕೋಪೀಟ್' ಎನ್ನುತ್ತಾರಲ್ಲವೇ? ಆ ಹೆಸರಿನ ಉತ್ತರಾರ್ಧ ಬಂದದ್ದು ಈ ಪೀಟಿನಿಂದಲೇ. ಪಾಶ್ಚಾತ್ಯ ದೇಶಗಳ ತೋಟಗಾರರು ಬಹುಕಾಲದಿಂದ ಬಳಸುತ್ತಿದ್ದ ಪೀಟಿಗೆ ಬದಲಿಯಾಗಿ ತೆಂಗಿನ ಪುಡಿ ಬಳಕೆಗೆ ಬಂದುದರಿಂದ ಅದಕ್ಕೆ ಈ ಹೆಸರು ಬಿದ್ದಿತು.

ಪೀಟ್ ಬೆಳೆಯುವ ವೇಗ ಬಲು ಮಂದ. ವರ್ಷಕ್ಕೆ ಒಂದು ಮಿಲಿಮೀಟರು ಏರಿದರೆ ಅದೇ ಹೆಚ್ಚು. ಒಂದು ಮೀಟರು ದಪ್ಪದ ಪೀಟ್ ಆಗಬೇಕಾದರೆ ಸಾವಿರ ವರ್ಷವೋ ಅದಕ್ಕಿಂತ ಹೆಚ್ಚೋ ಬೇಕು. ಒಂದು ದಿನದಲ್ಲಿ ಅಗೆದು ತೆಗೆಯಬಹುದಾದ ಆ ಒಂದು ಮೀಟರಿನಲ್ಲಿ ಮೂವತ್ತು ನಾಲ್ವತ್ತು ತಲೆಮಾರುಗಳ ಕಾಲ ಅಡಗಿದೆ.

ಈ ನಿರ್ಮಾಣದಲ್ಲಿ ಮುಖ್ಯ ಪಾತ್ರಧಾರಿ ಸ್ಫ್ಯಾಗ್ನಮ್ ಎಂಬ ಹಾವಸೆ. ಬೇರಿಲ್ಲದ, ಬೆರಳುದ್ದದ ಈ ಸಸ್ಯ ತನ್ನ ಒಣತೂಕದ ಹದಿನೈದು ಇಪ್ಪತ್ತು ಪಟ್ಟು ನೀರನ್ನು ಹೀರಿಟ್ಟುಕೊಳ್ಳಬಲ್ಲುದು. ಅದರ ಎಲೆಗಳಲ್ಲಿ ಜೀವವಿಲ್ಲದ ಟೊಳ್ಳು ಕೋಶಗಳಿವೆ. ಅವೇ ಅದರ ನೀರಿನ ಹೂಜಿಗಳು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಹತ್ತಿಯ ಅಭಾವ ಉಂಟಾದಾಗ ಬ್ರಿಟನ್ನಿನಲ್ಲಿ ಗಾಯಾಳು ಸೈನಿಕರ ಗಾಯಗಳಿಗೆ ಈ ಹಾವಸೆಯನ್ನೇ ಇಟ್ಟು ಕಟ್ಟುತ್ತಿದ್ದುದುಂಟು. ತಾನಿರುವ ನೀರನ್ನು ಹುಳಿಯಾಗಿಸುವ ಗುಣವೂ ಅದಕ್ಕಿದೆ. ಆ ಹುಳಿಯಲ್ಲಿ ಬೇರೆ ಗಿಡಗಳು ಏಳಿಗೆಯಾಗಲಾರವು. ಸತ್ತದ್ದು ಬೇಗ ಕೊಳೆಯಲಾರದು. ತನ್ನ ಮನೆಯನ್ನು ತಾನೇ ಕಟ್ಟಿಕೊಂಡು ಇತರರಿಗೆ ಬಾಗಿಲು ಮುಚ್ಚುವ ಜಾಣತನ ಇದರದು.

ಏರಿಯೂ ಹೊಂಡವೂ

ವಿಮಾನದಿಂದ ಇಳಿದು ಹತ್ತಿರ ಹೋದರೆ ಚಿತ್ತಾರದ ವಿವರಗಳು ತಿಳಿಯುತ್ತವೆ. ಎತ್ತರದ ಏರಿಗಳಿಗೆ ಫಿನ್ನಿಷ್ ಭಾಷೆಯಲ್ಲಿ 'ಯೆನ್ನೆ' ಎಂದೂ ನಡುವಣ ನೀರುತಗ್ಗುಗಳಿಗೆ 'ರಿಂಪಿ' ಎಂದೂ ಹೆಸರು. ಸ್ವೀಡನ್ನಿನವರು ತಗ್ಗನ್ನು 'ಫ್ಲಾರ್ಕ್' ಎನ್ನುತ್ತಾರೆ. ಶಾಸ್ತ್ರಗ್ರಂಥಗಳಲ್ಲಿ ಈ ಮಾತೇ ನೆಲೆನಿಂತಿದೆ. ಏರಿಯ ಎತ್ತರ ಸಾಮಾನ್ಯವಾಗಿ ಮೊಣಕಾಲಿನವರೆಗೆ. ಅಗಲ ಕೆಲವು ಮೀಟರು. ಉದ್ದವೋ ನೂರಾರು ಮೀಟರು ಇರುವುದುಂಟು. ಏರಿಯ ಮೇಲೆ ಹಾವಸೆ, ಕುಳ್ಳು ಪೊದೆಗಳು, ಅಲ್ಲೊಂದು ಇಲ್ಲೊಂದು ಗಿಡ್ಡ ಪೈನ್ ಮರ. ತಗ್ಗಿನಲ್ಲಿ ಜೇಕಿನ ಹುಲ್ಲು, ಕೆಸರು, ನೀರು. ಜೌಗನ್ನು ದಾಟುವವರು ಏರಿಯನ್ನು ಬಿಟ್ಟು ಕಾಲಿಡಲು ಹಿಂಜರಿಯುತ್ತಾರೆ.

ಇಳಿಜಾರು ಎಂದೊಡನೆ ಗುಡ್ಡದ ಓರೆಯನ್ನು ಕಲ್ಪಿಸಿಕೊಳ್ಳಬಾರದು. ಹಲವು ಕಡೆ ನೂರು ಮೀಟರು ನಡೆದರೂ ನೆಲ ಒಂದು ಮೀಟರು ಇಳಿದಿರುವುದಿಲ್ಲ. ಕಣ್ಣಿಗೆ ಕಾಣದ ಈ ಇಳುಕಲು ನೀರಿಗೆ ಮಾತ್ರ ಚೆನ್ನಾಗಿ ಗೊತ್ತು. ಇಳುಕಲು ಇರುವಲ್ಲಿ ಗೆರೆಗಳು ಸಾಲುಸಾಲಾಗುತ್ತವೆ. ಇಳುಕಲೇ ಇಲ್ಲದ ಕಡೆ ಏರಿಗಳು ಬಲೆಯಂತೆ ಹೆಣೆದುಕೊಳ್ಳುತ್ತವೆ. ನಡುವೆ ಉಬ್ಬಿ ಸುತ್ತಲೂ ಇಳಿದ ಜೌಗುಗಳಲ್ಲಿ ಉಂಗುರ ಉಂಗುರವಾಗಿ ಸುತ್ತುತ್ತವೆ.

ಏರಿ ಹೊಂಡಗಳಿಂದ ಕೂಡಿದ ಉತ್ತರದ ಈ ವಿಶಾಲ ಜೌಗುಗಳನ್ನು ಫಿನ್ಲೆಂಡಿನಲ್ಲಿ 'ಆಪಾ' ಎನ್ನುತ್ತಾರೆ. ಆ ನಾಡಿನ ಮೂಲನಿವಾಸಿಗಳಾದ ಸಾಮಿ ಜನರ ಭಾಷೆಯಿಂದ ಬಂದ ಮಾತಿದು. ಇದನ್ನು ಶಾಸ್ತ್ರೀಯವಾಗಿ ಬಳಕೆಗೆ ತಂದವರು ಎ. ಕೆ. ಕಯಾಂಡರ್ ಎಂಬ ಅರಣ್ಯವಿಜ್ಞಾನಿ. 1913ರಲ್ಲಿ ಫಿನ್ಲೆಂಡಿನ ಜೌಗುಗಳನ್ನು ಕುರಿತು ಪ್ರಕಟಿಸಿದ ತಮ್ಮ ಅಧ್ಯಯನದಲ್ಲಿ ಅವರು ಈ ನೆಲಗಳನ್ನು ವರ್ಗೀಕರಿಸಿದರು. ಕೆಸರಿನಲ್ಲಿ ಸುತ್ತಿ ಗಿಡಗಳನ್ನು ಎಣಿಸಿದ ಇದೇ ವಿದ್ವಾಂಸರು ಮುಂದೆ ಮೂರು ಬಾರಿ ಫಿನ್ಲೆಂಡಿನ ಪ್ರಧಾನಮಂತ್ರಿಗಳಾದುದು ಸ್ವಾರಸ್ಯದ ಸಂಗತಿ.

ಪಂಡಿತರ ತರ್ಕಗಳು

ಈ ಗೆರೆಗಳ ಹುಟ್ಟನ್ನು ವಿವರಿಸಲು ವಿದ್ವಾಂಸರು ನೂರು ವರ್ಷಕ್ಕೂ ಮಿಗಿಲಾಗಿ ತಲೆ ಕೆಡಿಸಿಕೊಂಡಿದ್ದಾರೆ. ಚಳಿಯ ನಾಡಾದುದರಿಂದ ಮೊದಲ ಗುಮಾನಿ ಹೋದದ್ದು ಹಿಮದ ಮೇಲೆ. ಹೆಪ್ಪುಗಟ್ಟಿದ ನೀರು ಹಿಗ್ಗಿ ನೆಲವನ್ನು ಮೇಲಕ್ಕೆತ್ತಿ ಏರಿ ಮಾಡಿತು ಎಂದರು ಕೆಲವರು. ಮತ್ತೆ ಕೆಲವರು, ನೀರು ಕುಡಿದು ಭಾರವಾದ ಪೀಟ್ ಮೆಲ್ಲಗೆ ಕೆಳಕ್ಕೆ ಜಾರುವಾಗ ಕಾದ ಹಾಲಿನ ಮೇಲಿನ ಕೆನೆಯಂತೆ ಸುಕ್ಕುಗಟ್ಟಿತು ಎಂದರು. ಆದರೆ ನೆಲ ಆಳಕ್ಕೆ ಹೆಪ್ಪುಗಟ್ಟದ ಸ್ಕಾಟ್ಲೆಂಡಿನ ಜೌಗುಗಳಲ್ಲಿಯೂ ಸಾಲುಹೊಂಡಗಳಿವೆ. ಹಿಮವೂ ಜಾರುವಿಕೆಯೂ ಕೆಲವೆಡೆ ಕೈಗೂಡಿಸಿರಬಹುದು. ಆದರೆ ಎಲ್ಲ ಕಡೆಯ ಚಿತ್ತಾರಕ್ಕೂ ಅವೇ ಕಾರಣವೆನ್ನುವಂತಿಲ್ಲ.

1923ರಲ್ಲಿ ಸ್ವೀಡನ್ನಿನ ಹ್ಯೂಗೋ ಓಸ್ವಾಲ್ಡ್ ಎಂಬ ಸಸ್ಯಶಾಸ್ತ್ರಜ್ಞ ಕೊಮೊಸ್ಸೆ ಎಂಬ ಜೌಗಿನ ಮೇಲೆ ದೊಡ್ಡ ಗ್ರಂಥವೊಂದನ್ನು ಪ್ರಕಟಿಸಿದರು. ದಿಬ್ಬ ಬೆಳೆದು ಬೆಳೆದು ಒಣಗಿ ನಿಲ್ಲುತ್ತದೆ. ಅಷ್ಟರಲ್ಲಿ ಪಕ್ಕದ ತಗ್ಗಿನಲ್ಲಿ ಹಾವಸೆ ತುಂಬಿ ಅದೇ ದಿಬ್ಬವಾಗುತ್ತದೆ. ಹೀಗೆ ದಿಬ್ಬವೂ ತಗ್ಗೂ ಸರದಿಯಂತೆ ಸ್ಥಾನ ಬದಲಾಯಿಸುತ್ತವೆ ಎಂಬ ವಾದ ಆ ಕಾಲದಲ್ಲಿ ಬಲಗೊಂಡಿತು. ಕೇಳಲು ಸೊಗಸಾದ ಈ ವಾದ ಪಠ್ಯಪುಸ್ತಕಗಳಲ್ಲಿ ಹಲವು ದಶಕ ಬಾಳಿತು. ಕೊನೆಗೆ ಕೀತ್ ಬಾರ್ಬರ್ ಎಂಬ ವಿಜ್ಞಾನಿ ಇಂಗ್ಲೆಂಡಿನ ಉತ್ತರದ ಬೋಲ್ಟನ್ ಫೆಲ್ ಮಾಸ್ ಎಂಬಲ್ಲಿ ಪೀಟ್ ಅಗೆದು ಬಿಟ್ಟ ಗೋಡೆಗಳನ್ನು ಪದರ ಪದರವಾಗಿ ಪರೀಕ್ಷಿಸಿ, ಅಂಥ ಸರದಿ ಅಲ್ಲಿ ನಡೆದೇ ಇಲ್ಲವೆಂದು 1981ರಲ್ಲಿ ತೋರಿಸಿಕೊಟ್ಟರು. ಪದರಗಳ ಬದಲಾವಣೆ ಆಯಾ ಕಾಲದ ಹವೆಯನ್ನು ಅನುಸರಿಸಿತ್ತು. ದಿಬ್ಬಗಳು ಬಹುಕಾಲ ತಮ್ಮ ಜಾಗದಲ್ಲಿಯೇ ನಿಂತಿದ್ದವು.

ಎರಡು ವರ್ಷಗಳ ತರುವಾಯ, 1983ರಲ್ಲಿ, ಅಮೆರಿಕದ ಡೇವಿಡ್ ಫಾಸ್ಟರ್ ಮತ್ತು ಸಂಗಡಿಗರು ಮತ್ತೊಂದು ಮುಖ್ಯ ಅಂಶವನ್ನು ಮುಂದಿಟ್ಟರು. ಜೌಗು ಹುಟ್ಟುವಾಗ ಈ ಗೆರೆಗಳು ಇರಲೇ ಇಲ್ಲ. ಪೀಟ್ ಬಹುಮಟ್ಟಿಗೆ ಕೂಡಿಬಂದ ಮೇಲೆಯೇ, ಮೊದಲು ಒಂದೇ ಸಮನಾಗಿದ್ದ ಮೈಮೇಲೆ ಏರುತಗ್ಗುಗಳು ಸಣ್ಣದಾಗಿ ತೋರಿ, ಕಾಲಕ್ರಮದಲ್ಲಿ ಹಿಗ್ಗಿ, ಕೊನೆಗೆ ಹೊಂಡಗಳಾದವು. ಎಂದರೆ ಚಿತ್ತಾರದ ಗುಟ್ಟು ಕೆಳಗಿನ ಬಂಡೆಯಲ್ಲಿಲ್ಲ. ಜೌಗಿನ ಮೈಯಲ್ಲಿಯೇ ಇದೆ.

ನೀರು ಹಾಕಿದ ಗೆರೆ

ಆ ಗುಟ್ಟು ಹೀಗಿದೆ. ಪೀಟಿನಲ್ಲಿ ಎರಡು ಪದರಗಳು. ಮೇಲಿನದು ಒಂದೆರಡು ಗೇಣು ದಪ್ಪದ, ಬದುಕಿರುವ ಹಾವಸೆಯ ಸಡಿಲ ಪದರ; ಅದರೊಳಗೆ ನೀರು ಸಲೀಸಾಗಿ ನುಸುಳುತ್ತದೆ. ಕೆಳಗಿನದು ಮೇಲಿನ ಭಾರಕ್ಕೆ ಒತ್ತಿ ಬಿಗಿದ ಹಳೆಯ ಪದರ. ಅಲ್ಲಿ ನೀರಿನ ನಡೆ ಬಹಳ ನಿಧಾನ. ತಗ್ಗಿನಲ್ಲಿ ನೀರು ಮೇಲ್ಮೈಯ ಬಳಿಯೇ ಇರುವುದರಿಂದ ಸುಲಭವಾಗಿ ಮುಂದೆ ಸಾಗುತ್ತದೆ. ಆದರೆ ಸ್ವಲ್ಪ ಎತ್ತರದ ದಿಬ್ಬವೊಂದು ಎದುರಾದಾಗ ಅದರ ಸಡಿಲ ಪದರ ನೀರಿನ ಮಟ್ಟಕ್ಕಿಂತ ಮೇಲಿರುತ್ತದೆ. ನೀರು ಹಾಯಬೇಕಾದುದು ಕೆಳಗಿನ ಬಿಗಿಯಾದ ಪದರದಲ್ಲಿ. ಹೀಗಾಗಿ ದಿಬ್ಬವು ಒಂದು ಪುಟ್ಟ ಅಣೆಕಟ್ಟಿನಂತೆ ವರ್ತಿಸುತ್ತದೆ.

ಅಣೆಕಟ್ಟಿನ ಹಿಂದೆ ಏನಾಗುತ್ತದೆಂಬುದನ್ನು ಹೇಳಬೇಕಾಗಿಲ್ಲ. ಮೇಲ್ಭಾಗದಲ್ಲಿ ನೀರು ನಿಂತು ಆ ಜಾಗ ಇನ್ನಷ್ಟು ತೇವವಾಗುತ್ತದೆ. ಸದಾ ಮುಳುಗಿರುವ ಕಡೆ ದಿಬ್ಬದ ಹಾವಸೆ ಬೆಳೆಯದು. ಪೀಟ್ ಕೂಡುವ ವೇಗವೂ ತಗ್ಗುತ್ತದೆ. ತೇವದ ಜೊತೆಗೆ ಗಾಳಿಯೂ ದೊರೆಯುವ ದಿಬ್ಬದ ಮೇಲಾದರೋ ಹಾವಸೆ ಹುಲುಸಾಗಿ ಬೆಳೆದು ದಿಬ್ಬವನ್ನು ಎತ್ತರಿಸುತ್ತದೆ. ದಿಬ್ಬ ಎತ್ತರವಾದಷ್ಟೂ ತಡೆ ಹೆಚ್ಚು. ತಡೆ ಹೆಚ್ಚಿದಷ್ಟೂ ಹಿಂದಿನ ತಗ್ಗು ಆಳ. ಒಂದು ಮತ್ತೊಂದನ್ನು ಬೆಳೆಸುತ್ತದೆ. ಮೇಲ್ದಿಕ್ಕಿಗೆ ಹಬ್ಬಲು ನೀರು ಬಿಡುವುದಿಲ್ಲವಾಗಿ ದಿಬ್ಬ ಪಕ್ಕಕ್ಕೆ ಹಬ್ಬುತ್ತದೆ. ನೆರೆಯ ದಿಬ್ಬವನ್ನು ಕೂಡಿಕೊಳ್ಳುತ್ತದೆ. ಇಳಿಜಾರಿಗೆ ಅಡ್ಡಲಾಗಿ ಒಂದು ಏರಿಯಾಗುತ್ತದೆ.

ಈ ತರ್ಕ ಕೇವಲ ಊಹೆಯಾಗಿ ಉಳಿಯಲಿಲ್ಲ. 1988ರಲ್ಲಿ ಸ್ವಾನ್ಸನ್ ಮತ್ತು ಗ್ರಿಗಲ್ ಎಂಬ ಅಮೆರಿಕದ ವಿಜ್ಞಾನಿಗಳಿಬ್ಬರು ಗಣಕಯಂತ್ರದಲ್ಲಿ ಒಂದು ಕಾಲ್ಪನಿಕ ಜೌಗನ್ನು ನಿರ್ಮಿಸಿದರು. ಚದುರಂಗದ ಹಾಸಿನಂತೆ ಮನೆಗಳು; ಕೆಲವು ದಿಬ್ಬ, ಕೆಲವು ತಗ್ಗು; ಯಾವುದು ಎಲ್ಲಿ ಎಂಬುದಕ್ಕೆ ಯಾವ ಕ್ರಮವೂ ಇಲ್ಲ. ದಿಬ್ಬದಲ್ಲಿ ನೀರು ನಿಧಾನ, ತಗ್ಗಿನಲ್ಲಿ ಬೇಗ. ತೇವ ಹೆಚ್ಚಿದರೆ ತಗ್ಗು, ಕಡಿಮೆಯಾದರೆ ದಿಬ್ಬ ಎಂಬ ಸರಳ ನಿಯಮವಷ್ಟನ್ನೇ ಯಂತ್ರಕ್ಕೆ ಕೊಟ್ಟರು. ಲೆಕ್ಕ ಸಾಗಿದಂತೆ ಆ ಗೊಂದಲದೊಳಗಿನಿಂದ ಇಳಿಜಾರಿಗೆ ಅಡ್ಡವಾದ ಸಾಲುಗಳು ತಾವಾಗಿಯೇ ಮೂಡಿಬಂದವು!

ಹತ್ತಿರದ ನೆರವು, ದೂರದ ಕೊರತೆ

2004ರಲ್ಲಿ ಹಾಲೆಂಡಿನ ಮ್ಯಾಕ್ಸ್ ರೀಟ್‌ಕೆರ್ಕ್ ಮತ್ತು ಸಂಗಡಿಗರು ಇದಕ್ಕೆ ಇನ್ನೊಂದು ಎಳೆಯನ್ನು ಸೇರಿಸಿದರು. ಏರಿಯ ಮೇಲಿನ ಪೊದೆಗಳು ಬೇಸಗೆಯಲ್ಲಿ ಎಲೆಗಳ ಮೂಲಕ ನೀರನ್ನು ಆವಿಯಾಗಿ ಬಿಡುತ್ತವೆ. ಆ ನಷ್ಟವನ್ನು ತುಂಬಲು ಸುತ್ತಣ ತಗ್ಗಿನ ನೀರು ಏರಿಯ ಕಡೆಗೆ ಸೆಳೆಯಲ್ಪಡುತ್ತದೆ. ಅದರೊಡನೆ ಕರಗಿರುವ ಅಷ್ಟಿಷ್ಟು ಪೋಷಕಾಂಶವೂ ಬರುತ್ತದೆ. ಏರಿಗೆ ಊಟ ಹೆಚ್ಚುತ್ತದೆ, ತಗ್ಗು ಬಡವಾಗುತ್ತದೆ. ತನ್ನ ಹತ್ತಿರದವರಿಗೆ ನೆರವು, ದೂರದವರಿಗೆ ಕೊರತೆ: ಈ ಎರಡೂ ಒಟ್ಟಿಗೆ ನಡೆದಲ್ಲಿ ಚಿತ್ತಾರ ಮೂಡುತ್ತದೆಂಬುದು ಅವರ ವಾದದ ಸಾರ.

ಇದಕ್ಕೆ ಹತ್ತಿರದ ತತ್ತ್ವವೊಂದನ್ನು ಇಂಗ್ಲೆಂಡಿನ ಗಣಿತಜ್ಞ ಅಲನ್ ಟ್ಯೂರಿಂಗ್ 1952ರಲ್ಲಿಯೇ ಪ್ರತಿಪಾದಿಸಿದ್ದರು. ಅವರು ವಿಚಾರ ಮಾಡಿದುದು ಜೌಗನ್ನಲ್ಲ. ಜೀವಿಗಳ ದೇಹದಲ್ಲಿ ಆಕಾರಗಳೂ ಮಚ್ಚೆಗಳೂ ಹೇಗೆ ಮೂಡುತ್ತವೆಂಬುದನ್ನು. ಆಫ್ರಿಕದ ನೈಜರ್ ದೇಶದ ಒಣಭೂಮಿಯಲ್ಲಿ 'ಹುಲಿಪೊದೆ' ಎಂದು ಕರೆಯುವ ಪಟ್ಟೆಪಟ್ಟೆಯ ಕುರುಚಲು ಕಾಡು ಇದೆ. ಅದರ ಪಟ್ಟೆಗಳೂ ಇಳಿಜಾರಿಗೆ ಅಡ್ಡವಾಗಿಯೇ ಸಾಗಿವೆ. ಒಂದು ಕಡೆ ನೀರಿನ ಅತಿವೃಷ್ಟಿ, ಮತ್ತೊಂದು ಕಡೆ ಅನಾವೃಷ್ಟಿ. ಆದರೂ ಗೆರೆ ಎಳೆಯುವ ರೀತಿಯಲ್ಲಿ ಎಂಥ ಹೋಲಿಕೆ!

ನೀರಿನ ತಡೆ ಮುಖ್ಯವೋ, ಪೋಷಕಾಂಶದ ಸೆಳೆತ ಮುಖ್ಯವೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಒಂದೊಂದು ನಾಡಿನಲ್ಲಿ ಒಂದೊಂದರ ಕೈ ಮೇಲಾಗಿರಬಹುದು; ಕೆಲವೆಡೆ ಎರಡೂ ಜೊತೆಯಾಗಿರಬಹುದು. ಆದರೆ ನೀರು ಗಿಡವನ್ನೂ ಗಿಡ ನೀರನ್ನೂ ತಿದ್ದುತ್ತ ಹೋಗುವುದರಿಂದಲೇ ಈ ಗೆರೆಗಳು ಹುಟ್ಟುತ್ತವೆಂಬುದನ್ನು ಇಂದು ಬಹುತೇಕ ವಿಜ್ಞಾನಿಗಳು ಒಪ್ಪುತ್ತಾರೆ.

ಏರಿಯ ಮೇಲಿನ ಬದುಕು

ಈ ಚಿತ್ತಾರ ಬರಿಯ ಅಲಂಕಾರವಲ್ಲ, ಜೌಗಿನ ಜೀವನೋಪಾಯ. ಏರಿಗಳ ಸಾಲು ಇರುವುದರಿಂದ ಹಿಮ ಕರಗಿದಾಗ ಬಂದ ನೀರು ಒಮ್ಮೆಗೇ ಕೊಚ್ಚಿಹೋಗದೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಮಳೆ ಕಡಿಮೆಯಾದ ವರ್ಷ ಹೊಂಡಗಳು ತಗ್ಗುತ್ತವೆಯೇ ಹೊರತು ಪೀಟಿನ ಒಡಲು ಒಣಗುವುದಿಲ್ಲ.

ಒಣ ಏರಿಯೂ ತೇವದ ಹೊಂಡವೂ ಪಕ್ಕಪಕ್ಕದಲ್ಲಿರುವುದರಿಂದ ಎರಡು ಬಗೆಯ ಜೀವಿಗಳಿಗೂ ಅಲ್ಲಿ ಎಡೆಯುಂಟು. ಬೇಸಗೆಯಲ್ಲಿ ಕ್ರೌಂಚಗಳೂ ಕಾಡುಬಾತುಗಳೂ ಅಲ್ಲಿ ಮರಿಮಾಡುತ್ತವೆ. ಹೊನ್ನಿನ ಬಣ್ಣದ 'ಹಿಲ್ಲಾ' ಎಂಬ ಕಾಡುಹಣ್ಣನ್ನು ಆರಿಸಲು ಜನರು ಬುಟ್ಟಿ ಹಿಡಿದು ಜೌಗಿಗೆ ಇಳಿಯುತ್ತಾರೆ. ಫಿನ್ಲೆಂಡಿನ ಎರಡು ಯೂರೋ ನಾಣ್ಯದ ಮೇಲೆ ಇದೇ ಹಣ್ಣಿನ ಚಿತ್ರವಿದೆ. ಗದ್ದೆಗೊರವದ ಬಳಗಕ್ಕೆ ಸೇರಿದ, ಇಂಗ್ಲಿಷಿನಲ್ಲಿ 'ವುಡ್ ಸ್ಯಾಂಡ್‌ಪೈಪರ್' ಎನಿಸಿಕೊಂಡ ಪುಟ್ಟ ಹಕ್ಕಿಯೂ ಈ ಆಪಾ ಜೌಗುಗಳಲ್ಲಿ ಗೂಡು ಕಟ್ಟುತ್ತದೆ. ಚಳಿಗಾಲದಲ್ಲಿ ನಮ್ಮ ಕೆರೆಯಂಚಿನ ಕೆಸರಿನಲ್ಲೂ ಬತ್ತದ ಗದ್ದೆಗಳಲ್ಲೂ ಬಾಲ ಕುಣಿಸುತ್ತ ಹುಳು ಹೆಕ್ಕುವುದು ಇದೇ ಜಾತಿಯ ಹಕ್ಕಿ. ಉತ್ತರದ ಜೌಗುನೆಲಗಳು ಅದರ ತವರು. ನಮ್ಮ ಗದ್ದೆಬಯಲು ಅದರ ಚಳಿಗಾಲದ ಬಿಡಾರ.

ಒಂದು ಕಾಲುವೆಯ ಕೆಲಸ

ಸಾವಿರಾರು ವರ್ಷ ಹಿಡಿದ ಈ ಕಟ್ಟಡವನ್ನು ಕೆಡಿಸಲು ಎಷ್ಟು ಕಾಲ ಬೇಕು? ಒಂದು ಕಾಲುವೆ ತೋಡುವಷ್ಟು ಕಾಲ ಸಾಕು.

ಫಿನ್ಲೆಂಡಿನಲ್ಲಿ ಮೊದಲು ಸುಮಾರು ಒಂದು ಕೋಟಿ ಹೆಕ್ಟೇರು ಜೌಗುನೆಲವಿತ್ತು. ಮರ ಬೆಳೆಸಿ ಆದಾಯ ಪಡೆಯುವ ಉದ್ದೇಶದಿಂದ ಇಪ್ಪತ್ತನೆಯ ಶತಮಾನದಲ್ಲಿ, ಅದರಲ್ಲೂ 1960 ಮತ್ತು 1970ರ ದಶಕಗಳಲ್ಲಿ, ಅದರ ಅರ್ಧದಷ್ಟಕ್ಕೆ ಕಾಲುವೆ ತೋಡಿ ನೀರು ಹೊರಹಾಕಲಾಯಿತು. ಬಡತನದಿಂದ ಮೇಲೇಳುತ್ತಿದ್ದ ಒಂದು ದೇಶ ತನ್ನ ನಿರುಪಯುಕ್ತ ನೆಲವನ್ನು ಉಪಯೋಗಕ್ಕೆ ತರುತ್ತಿದ್ದೇನೆಂದು ನಂಬಿ ಮಾಡಿದ ಕೆಲಸವದು. ಸ್ಕಾಟ್ಲೆಂಡಿನ ಉತ್ತರ ತುದಿಯ 'ಫ್ಲೋ ಕಂಟ್ರಿ' ಎಂಬ ಜೌಗುನಾಡಿನಲ್ಲಿ 1980ರ ದಶಕದಲ್ಲಿ ತೆರಿಗೆಯ ರಿಯಾಯಿತಿಯ ಆಸೆಗೆ ಹಣವಂತರು ಪೀಟನ್ನು ಆಳವಾಗಿ ಉತ್ತು ಸೂಚಿಪರ್ಣಿ ಮರಗಳನ್ನು ನೆಡಿಸಿದರು. 1988ರಲ್ಲಿ ಆ ರಿಯಾಯಿತಿ ರದ್ದಾಗುವ ವೇಳೆಗೆ ಬಹಳಷ್ಟು ಹಾನಿ ಆಗಿಹೋಗಿತ್ತು.

ಕಾಲುವೆ ಜೌಗಿನೊಳಗೇ ಇರಬೇಕೆಂದಿಲ್ಲ. ಮೇಲ್ಗಡೆ ತೋಡಿದರೂ ಸಾಕು. ಫಿನ್ಲೆಂಡಿನ ವಾಲ್ಕೆಯಸುವೊ ಎಂಬ ಆಪಾ ಜೌಗನ್ನು ಕುರಿತು ತೇಮು ತಾಹ್ವನೈನೆನ್ ಎಂಬ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಸಾಕ್ಷಿ. ಜಲಾನಯನ ಭಾಗದಲ್ಲಿ ತೋಡಿದ ಕಾಲುವೆಗಳಿಂದ ಜೌಗಿಗೆ ಬರುವ ನೀರು ಬೇರೆಡೆಗೆ ತಿರುಗಿತು. ನೀರಿನ ಸಂಗಡ ಬರುತ್ತಿದ್ದ ಖನಿಜಾಂಶವೂ ನಿಂತಿತು. ಕೆಲವೇ ದಶಕಗಳಲ್ಲಿ ಸ್ಫ್ಯಾಗ್ನಮ್ ಹಾವಸೆ ತೇವದ ಬಯಲನ್ನೆಲ್ಲ ಮುಚ್ಚಿಕೊಂಡಿತು. ಸಾವಿರಾರು ವರ್ಷ ಬಾಳಿದ ಒಂದು ಬಗೆಯ ಜೌಗು ನೋಡುನೋಡುತ್ತಿದ್ದಂತೆ ಬೇರೊಂದು ಬಗೆಯದಾಯಿತು. ಕಟ್ಟುವ ಹಾವಸೆಯೇ, ನೀರಿನ ಹತೋಟಿ ತಪ್ಪಿದೊಡನೆ, ಹಳೆಯ ಚಿತ್ತಾರವನ್ನು ಅಳಿಸುವ ಹಾವಸೆಯೂ ಆಯಿತು.

ಇದು ಕೇವಲ ಚೆಲುವಿನ ನಷ್ಟವಾಗಿದ್ದರೆ ದೂರದ ನಾಡಿನ ಮಾತು ಎಂದು ಸುಮ್ಮನಿರಬಹುದಿತ್ತು. ಪ್ರಪಂಚದ ಒಟ್ಟು ಭೂಭಾಗದಲ್ಲಿ ಪೀಟ್ ನೆಲಗಳ ಪಾಲು ನೂರಕ್ಕೆ ಸುಮಾರು 3 ಮಾತ್ರ. ಆದರೆ ಎಲ್ಲ ಅರಣ್ಯಗಳ ಮರಗಳಲ್ಲಿ ಇರುವುದಕ್ಕಿಂತಲೂ ಹೆಚ್ಚು ಇಂಗಾಲ ಈ ನೆಲಗಳ ಒಡಲಲ್ಲಿದೆ. ನೀರು ಹೋದೊಡನೆ ಪೀಟಿಗೆ ಗಾಳಿ ತಾಗುತ್ತದೆ. ಅಷ್ಟು ದಿನ ಕೊಳೆಯದೆ ಉಳಿದದ್ದು ಕೊಳೆಯತೊಡಗುತ್ತದೆ. ಇಂಗಾಲ ಅನಿಲವಾಗಿ ವಾತಾವರಣಕ್ಕೆ ಸೇರಿ ಭೂಮಿಯ ಬಿಸಿಯನ್ನು ಏರಿಸುತ್ತದೆ. ತುಂಬಿದ ಹೊಂಡಗಳಿಂದ ಮೀಥೇನ್ ಎಂಬ ಅನಿಲ ಹೊರಬೀಳುವುದು ನಿಜ. ಆದರೂ ದೀರ್ಘಕಾಲದ ಲೆಕ್ಕದಲ್ಲಿ ಒಣಗಿದ ಜೌಗಿಗಿಂತ ತೇವದ ಜೌಗೇ ಲೋಕಕ್ಕೆ ಹಿತ. ಆ ಬಿಸಿಗೆ ದೇಶಗಳ ಗಡಿಯಿಲ್ಲವೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಮರಳಿ ನೀರು ಕಟ್ಟುವುದು

ತೋಡಿದವರೇ ಈಗ ಮುಚ್ಚುವ ಕೆಲಸಕ್ಕೂ ಕೈಯಿಕ್ಕಿದ್ದಾರೆ. ಫಿನ್ಲೆಂಡಿನ ಸಂರಕ್ಷಿತ ಪ್ರದೇಶಗಳಲ್ಲಿ ಕಾಲುವೆಗಳಿಗೆ ಪೀಟನ್ನೇ ತುಂಬಿ ಅಡ್ಡಗಟ್ಟೆ ಹಾಕುತ್ತಿದ್ದಾರೆ. ಜೌಗಿನ ಮೇಲೆ ಬೆಳೆದ ಮರಗಳನ್ನು ಕಡಿದು ತೆಗೆಯುತ್ತಿದ್ದಾರೆ. ಸ್ಕಾಟ್ಲೆಂಡಿನಲ್ಲಿಯೂ ನೆಟ್ಟ ಮರಗಳನ್ನು ಉರುಳಿಸಿ, ಉತ್ತ ಸಾಲುಗಳನ್ನು ಮುಚ್ಚಿ, ನೀರಿನ ಮಟ್ಟವನ್ನು ಮೇಲೇರಿಸುವ ಪ್ರಯತ್ನ ನಡೆದಿದೆ. 2024ರ ಜುಲೈ ತಿಂಗಳಲ್ಲಿ ನಮ್ಮ ಹೊಸದಿಲ್ಲಿಯಲ್ಲಿ ಸೇರಿದ್ದ ಯುನೆಸ್ಕೋದ ವಿಶ್ವ ಪರಂಪರಾ ಸಮಿತಿ ಈ ಫ್ಲೋ ಕಂಟ್ರಿಯನ್ನು ವಿಶ್ವ ಪರಂಪರೆಯ ತಾಣವೆಂದು ಅಂಗೀಕರಿಸಿತು. ಗುಡಿ ಗೋಪುರಗಳೂ ಕೋಟೆ ಕೊತ್ತಲಗಳೂ ಇರುವ ಪಟ್ಟಿಯಲ್ಲಿ ಹಾವಸೆ ಕಟ್ಟಿದ ಒಂದು ನಾಡಿಗೂ ಹೀಗೆ ಸ್ಥಾನ ದೊರೆಯಿತು.

ನೀರು ಮರಳಿದ ಕೆಲವೇ ವರ್ಷಗಳಲ್ಲಿ ಹಾವಸೆ ಚಿಗುರುತ್ತದೆ. ಆದರೆ ಏರಿ ಹೊಂಡಗಳ ಪೂರ್ಣ ವಿನ್ಯಾಸ ಹಿಂತಿರುಗಲು ಹಾವಸೆ ತನ್ನ ಹಳೆಯ ವೇಗದಲ್ಲಿಯೇ ನಡೆಯಬೇಕು. ವರ್ಷಕ್ಕೆ ಒಂದು ಮಿಲಿಮೀಟರು. ಆ ಕೆಲಸದಲ್ಲಿ ಅದಕ್ಕೆ ಮನುಷ್ಯನು ಮಾಡಬಹುದಾದ ಸಹಾಯ ಸ್ವಲ್ಪವೇ: ನೀರನ್ನು ಇದ್ದಲ್ಲಿ ಇರಗೊಡುವುದು, ಮತ್ತು ಕಾಯುವುದು.